ದಿಲಾಬಾದದ ತಂತಿ

ನನಗೊಂದು ಚಟವಿದೆ. ಫೋನು ಎತ್ತಿದ ಕೂಡಲೇ ಎಲ್ಲರಂತೆ ‘ಹಲೋ’ ಎನ್ನಲು ನನ್ನಿಂದ ಆಗುವುದಿಲ್ಲ. ಮೊದಲು ಎದೆಯ ಮೇಲೆ ಕೈ ಇಟ್ಟುಕೊಂಡು ‘ಎಲ್ಲಾರೂ ಆರಾಮ ಇದ್ದೀರಿಲ್ರಿ?’ ಎಂದು ಕೇಳುತ್ತೇನೆ. ಆಚೆ ಕಡೆ ಯಾರಿದ್ದಾರೆಂದು ತಿಳಿಯುವ ಮೊದಲೇ ಕೇಳಿಬಿಡುತ್ತೇನೆ. ಹೋದ ವಾರ ಗ್ಯಾಸಿನ ಅಂಗಡಿಯವನೊಬ್ಬ ಈ ಪ್ರಶ್ನೆಗೆ ಗಾಬರಿಯಾಗಿ, ತನ್ನ ತಾಯಿಗೆ ಸಕ್ಕರೆ ಕಾಯಿಲೆ ಇದೆಯೆಂದೂ ತಂಗಿಯ ಹೆರಿಗೆ ಸುಸೂತ್ರವಾಯಿತೆಂದೂ ವರದಿ ಒಪ್ಪಿಸಿ, ಸಿಲಿಂಡರಿನ ವಿಷಯ ಹೇಳುವುದನ್ನೇ ಮರೆತು ಫೋನಿಟ್ಟ. ಸಿಲಿಂಡರು ಇನ್ನೂ ಬಂದಿಲ್ಲ.

ಇದನ್ನೆಲ್ಲ ನೋಡಿ ನಗುವವಳು ನನ್ನ ತಮ್ಮನ ಮಗಳು. ಬೀದರದ ಕಾಲೇಜಿನಲ್ಲಿ ವಿಜ್ಞಾನ ಕಲಿಸುತ್ತಾಳೆ, ಸಮಯ ಸಿಕ್ಕಾಗ ನನಗೂ ಕಲಿಸಲು ನೋಡುತ್ತಾಳೆ. ಮೊನ್ನೆ ಬಂದವಳು, ಇನ್ನು ಸ್ವಲ್ಪ ವರ್ಷ ತಡೆದರೆ ಫೋನೇ ಬೇಕಾಗುವುದಿಲ್ಲ, ತಲೆಯೊಳಗೆ ಅಕ್ಕಿಕಾಳಿನಷ್ಟು ಚಿಪ್ ಕೂಡಿಸುತ್ತಾರೆ, ಒಬ್ಬರ ಮನಸ್ಸಿನಲ್ಲಿದ್ದದ್ದು ಇನ್ನೊಬ್ಬರ ಮನಸ್ಸಿಗೆ ನೇರ ಹೋಗುತ್ತದೆ ಎಂದಳು. ಆಗ ಜಗತ್ತೆಲ್ಲ ಒಂದೇ ಮನೆಯಾಗುತ್ತದಂತೆ, ಜಗಳಕ್ಕೆ ಕಾರಣವೇ ಇರುವುದಿಲ್ಲವಂತೆ. ಹೇಳಿ ನನ್ನ ಮುಖ ನೋಡಿದಳು. ನಾನು ತೊಗರಿಬೇಳೆ ಹಸನು ಮಾಡುತ್ತಿದ್ದೆ. ಇದೇನು ಹೊಸ ಸುದ್ದಿಯೇ ತಾಯಿ, ಆ ಊರನ್ನು ನಾನು ಫ್ರಾಕು ತೊಡುವ ವಯಸ್ಸಿನಲ್ಲೇ ನೋಡಿ ಬಂದಿದ್ದೇನೆ ಎಂದೆ. ಅವಳು ಎದ್ದು ಬಂದು ನನ್ನ ಹಣೆ ಮುಟ್ಟಿ ನೋಡಿದಳು.

ಜ್ವರ ಇರಲಿಲ್ಲ. ಆ ಊರಿನ ಹೆಸರು ದಿಲಾಬಾದ. ನಕ್ಷೆಯಲ್ಲಿ ಹುಡುಕಬೇಡಿ, ಸಿಗುವುದಿಲ್ಲ. ಅದು ಇದ್ದದ್ದು ನಮ್ಮ ಪ್ರೇಮದಾಸ ಕಾಕಾನ ಬಾಯಲ್ಲಿ. ಕಾಕಾ ಎಂದರೆ ನಮ್ಮಪ್ಪನ ಒಬ್ಬನೇ ತಮ್ಮ. ಬೀದರದ ತಂತಿ ಕಚೇರಿಯಲ್ಲಿ ಕಟಕಟ ಯಂತ್ರದ ಮುಂದೆ ಕೂಡುವ ಕೆಲಸ. ಊರಿಗೆಲ್ಲ ಅವನು ‘ತಾರ್ ಬಾಬು’. ಉರ್ದು ಸಾಲಿಯಲ್ಲಿ ಕಲಿತವನು, ಹೈದರಾಬಾದಿನಿಂದ ಬರುವ ಮಾಸಪತ್ರಿಕೆಗಳನ್ನು ಊಟದ ತಟ್ಟೆಯ ಪಕ್ಕ ಇಟ್ಟುಕೊಂಡು ಓದುತ್ತಿದ್ದ. ಚಂದ್ರನ ಮೇಲೆ ಇಳಿದವರು, ಸಮುದ್ರದ ತಳದಲ್ಲಿ ಊರು ಕಟ್ಟಿದವರು, ಎಲ್ಲರೂ ನಮ್ಮ ಮನೆಯ ಜೋಳದ ರೊಟ್ಟಿಯ ಮುಂದೆಯೇ ಹಾದುಹೋದರು. ಸಾರಿನ ಕಲೆಯಿಲ್ಲದ ಪತ್ರಿಕೆ ನಮ್ಮ ಮನೆಯಲ್ಲಿ ಒಂದೂ ಇರಲಿಲ್ಲ.

ಆದರೆ ದಿಲಾಬಾದಕ್ಕೆ ಹೋಗುವ ಮೊದಲು ನಮ್ಮ ಮನೆಯ ತಂತಿಯ ವಿಷಯ ಹೇಳಬೇಕು. ಆ ತಂತಿ ನಾನೇ.

ನಮ್ಮ ಕಡೆ ಆಗ ಒಂದು ರಿವಾಜು. ಸೊಸೆಯಾದವಳು ಅತ್ತೆ ಮಾವಂದಿರ ಎದುರು ಗಂಡನ ಜೊತೆ ನೇರ ಮಾತಾಡುವಂತಿಲ್ಲ. ನಮ್ಮದು ಮಿಶನ್ ಕಂಪೌಂಡಿನ ಮೆಥೊಡಿಸ್ಟ್ ಮನೆ. ಪಾದ್ರಿಗಳು ಎಷ್ಟೋ ರಿವಾಜುಗಳನ್ನು ಬಿಡಿಸಿದ್ದರು, ಇದೊಂದು ಅವರ ಕಣ್ಣಿಗೆ ಬಿದ್ದಿರಲಿಲ್ಲ. ಗಂಡ ಹೆಂಡತಿ ನಡುವೆ ಮಾತು ಸಾಗಿಸಲು ಒಂದು ಕೂಸು ಬೇಕು. ರತ್ನಮ್ಮ ಕಾಕಿ ಅಡಿಗೆಮನೆಯ ಬಾಗಿಲಲ್ಲಿ ನಿಂತು ನನಗೆ ‘ನೀರು ಕಾದಾವಂತ ಹೇಳು’ ಎನ್ನುವಳು. ಕಾಕಾ ಅಲ್ಲೇ ಕಂಬಕ್ಕೆ ಒರಗಿ ಕೂತಿರುವನು, ಪ್ರತಿ ಅಕ್ಷರವೂ ಅವನ ಕಿವಿಗೆ ಬಿದ್ದಿರುವುದು. ಆದರೂ ಏಳುವವನಲ್ಲ. ನಾನು ಹೋಗಿ ‘ಕಾಕಾ, ನೀರು ಕಾದಾವಂತ’ ಎಂದ ಮೇಲೆಯೇ ‘ಹೌದೇನು?’ ಎಂದು ಆಶ್ಚರ್ಯಪಟ್ಟು ಟವೆಲು ಹುಡುಕುವನು. ಈ ನಾಟಕ ನನಗೆ ಬಹಳ ಸೇರುತ್ತಿತ್ತು. ನಾನಿಲ್ಲದಿದ್ದರೆ ಈ ಮನೆಯವರು ಸ್ನಾನವಿಲ್ಲದೆ ಸಾಯುತ್ತಾರೆ ಎಂದು ನಂಬಿ ಬಲು ಸೊಕ್ಕಿನಿಂದ ಓಡಾಡುತ್ತಿದ್ದೆ.

ಹಿರಿಯರು ಚರ್ಚಿಗೋ ಬಜಾರಕ್ಕೋ ಹೋದಾಗ ಮಾತ್ರ ನನಗೆ ಕೆಲಸ ಇರುತ್ತಿರಲಿಲ್ಲ. ಅಡಿಗೆಮನೆಯಲ್ಲಿ ಅವರಿಬ್ಬರ ದನಿ ಕೇಳುತ್ತಿತ್ತು, ಕಾಕಿ ನಗುತ್ತಿದ್ದಳು. ನಾನು ಒಳಗೆ ಕಾಲಿಟ್ಟರೆ ಇಬ್ಬರೂ ಗಪ್.

ಅವರ ಮಗಳು ಎಸ್ತೇರ್, ನಮಗೆಲ್ಲ ಎಸ್ತು, ಮಾತು ಬಂದ ಮೇಲೆ ನನ್ನ ನೌಕರಿಗೆ ಕೈ ಹಾಕಿದಳು. ನನಗಿಂತ ಮುಂಚೆ ಓಡಿಹೋಗಿ ಸುದ್ದಿ ಮುಟ್ಟಿಸುವಳು, ಆದರೆ ದಾರಿಯಲ್ಲಿ ಅದನ್ನು ಮರೆತು ತನ್ನದೇ ಒಂದನ್ನು ಹೇಳುವಳು. ಕಾಕಿ ಊಟಕ್ಕೆ ಕರೆದರೆ ಎಸ್ತು ಹೋಗಿ, ಅವ್ವ ನಿನಗೆ ನನ್ನನ್ನು ಹೆಗಲ ಮೇಲೆ ಕೂಡಿಸಿಕೊ ಅಂದಾಳ ಎನ್ನುವಳು. ಕಾಕಾ ಹಾಗೇ ಮಾಡುವನು. ಅತ್ತೆತನದ ಬಿಗಿ ಬಿಡದ ನಮ್ಮ ಅಜ್ಜಿಯೂ ಬಾಯಿಗೆ ಸೆರಗು ಹಿಡಿದು ನಗುವಳು. ನನಗೆ ಮಾತ್ರ ಹೊಟ್ಟೆಕಿಚ್ಚು. ಇಂಥ ಸುಳ್ಳು ತಂತಿಯನ್ನು ಇಟ್ಟುಕೊಂಡು ಇವರು ಸಂಸಾರ ಹೇಗೆ ಮಾಡುತ್ತಾರೋ ಎಂದು ಅವ್ವನ ಹತ್ತಿರ ದೂರು ಹೇಳಿದ್ದೆ.

ಅದು ನಮ್ಮ ಸೀಮೆಯನ್ನು ಹೈದರಾಬಾದಿನಿಂದ ಬಿಡಿಸಿ ಮೈಸೂರು ರಾಜ್ಯಕ್ಕೆ ಕೂಡಿಸಿದ ವರ್ಷ. ಕೂಡುವುದು, ಕೂಡುವುದು ಎಂದು ಎಲ್ಲರ ಬಾಯಲ್ಲೂ ಅದೇ ಮಾತು. ಕಚೇರಿಯವರೆಲ್ಲ ಇನ್ನು ಉರ್ದು ಬಿಟ್ಟು ಕನ್ನಡದಲ್ಲಿ ಹೇಗೆ ಬರೆಯುವುದು ಎಂದು ತಲೆ ಮೇಲೆ ಕೈ ಹೊತ್ತಿದ್ದರು. ಔರಾದ ಕಡೆ ಮರಾಠಿ ಆಡುವವರಿಗೆ ತಮ್ಮನ್ನು ಎತ್ತ ಎಳೆಯುತ್ತಿದ್ದಾರೆಂಬ ಚಿಂತೆ. ನಮ್ಮ ಸಾಲಿಗೆ ಮೈಸೂರು ಕಡೆಯ ಟೀಚರೊಬ್ಬರು ಬಂದರು. ಬೆಳ್ಳಗೆ, ಮೆತ್ತಗೆ, ‘ಬನ್ನಿ ಮಕ್ಕಳೇ’ ಎನ್ನುವವರು. ನಾವು ಮಾತಾಡಿದರೆ ಅವರು ಹೆದರುತ್ತಿದ್ದರು, ಅವರು ಮಾತಾಡಿದರೆ ನಾವು ನಗುತ್ತಿದ್ದೆವು. ಆಮೇಲೆ ಒಂದು ದಿನ ಅವರು ತಮ್ಮ ಕೋಣೆಯಲ್ಲಿ ಒಬ್ಬರೇ ಅಳುತ್ತಿದ್ದುದನ್ನು ಕಂಡು ನಮ್ಮ ನಗು ನಿಂತಿತು. ಅವರಿಗೆ ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿ ಒಯ್ದು ಕೊಟ್ಟೆವು. ಖಾರಕ್ಕೆ ಮತ್ತೆ ಅತ್ತರು.

ಆ ದಿನಗಳಲ್ಲೇ ಕಾಕಿಯ ಅಣ್ಣನ ಮಗುವಿಗೆ ದೀಕ್ಷಾಸ್ನಾನವಿತ್ತು. ಕಾಕಿಯ ತವರು ಠಾಣಾ ಕುಶನೂರ. ಎಸ್ತುವನ್ನು ಕರೆದುಕೊಂಡು ಅವಳು ಮುಂದೆ ಹೋದಳು, ಹಿಂದಿನಿಂದ ಬರುತ್ತೇನೆ ಎಂದಿದ್ದ ಕಾಕಾನಿಗೆ ರಜೆ ಸಿಗಲಿಲ್ಲ. ರಾಜ್ಯ ಕೂಡುವ ಹೊತ್ತು, ಈ ಕಚೇರಿಯಿಂದ ಆ ಕಚೇರಿಗೆ ಅಭಿನಂದನೆಯ ತಂತಿಗಳ ಸುರಿಮಳೆ. ಕಾಕಾ ಒಂದೇ ಸಮನೆ ಯಂತ್ರದ ಮುಂದೆ ಕೂತಿದ್ದ. ಅಲ್ಲಿ ಕುಶನೂರಿನಲ್ಲಿ ಎಸ್ತುವಿಗೆ ಜ್ವರ ಬಂತು. ಔಷಧ ಹತ್ತಲಿಲ್ಲ. ಕಾಕಿಯ ಅಣ್ಣ ಭಾಲ್ಕಿಗೆ ಬಂದು ರೈಲಿಗೆ ಕಾದು, ಬೀದರಕ್ಕೆ ಬಂದು ಕಾಕಾನನ್ನು ಎಬ್ಬಿಸಿಕೊಂಡು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕಾಕಾ ಹೋಗಿ ಮುಟ್ಟಿದಾಗ ಕೂಸನ್ನು ಮಣ್ಣು ಮಾಡಿದ್ದರು.

ಭಾಲ್ಕಿ ಸ್ಟೇಶನ್ನಿನಲ್ಲಿ ತಂತಿ ಇತ್ತು. ಒಂದು ತಾರ್ ಹೊಡೆದಿದ್ದರೆ ಅದು ಮುಟ್ಟುತ್ತಿದ್ದದ್ದು ನೇರ ಕಾಕಾನ ಕೈಗೇ. ಯಾಕೆ ಹೊಡೆಯಲಿಲ್ಲ ಎಂದು ಯಾರೂ ಕೇಳಲಿಲ್ಲ, ಯಾಕೆಂದರೆ ಎಲ್ಲರಿಗೂ ಗೊತ್ತಿತ್ತು. ಆಗ ನಮ್ಮ ಸೀಮೆಯಲ್ಲಿ ಮನೆಗೆ ತಾರ್ ಬಂತೆಂದರೆ ಸಾವು. ಒಡೆದು ಓದುವ ಮೊದಲೇ ಹೆಂಗಸರು ಅಳಲು ಕೂಡುತ್ತಿದ್ದರು. ಬದುಕಿದವರ ಸುದ್ದಿಯನ್ನು ಯಾರೂ ತಂತಿಯಲ್ಲಿ ಕಳಿಸುತ್ತಿರಲಿಲ್ಲ. ತಾರ್ ಬಾಬುವಿನ ಮನೆಯವರಾದರೇನು, ಅವರೂ ಈ ಮಣ್ಣಿನವರೇ ಅಲ್ಲವೇ. ಕಾಕಿಯ ಅಪ್ಪ ಹಳೆಯ ಕಾಲದ ಮನುಷ್ಯ, ಅವನೇ ಬೇಡ ಎಂದಿರಬೇಕು ಎಂದು ನಮ್ಮ ಮನೆಯಲ್ಲಿ ತಿಳಿದುಕೊಂಡರು.

ಕಾಕಿ ಬೀದರಕ್ಕೆ ಮರಳಿದ ಮೇಲೆ ಕಾಕಾನ ಜೊತೆ ಮಾತು ಬಿಟ್ಟಳು. ಇದು ಮೊದಲು ಯಾರಿಗೂ ಗೊತ್ತಾಗಲಿಲ್ಲ. ಹೇಗೆ ಗೊತ್ತಾಗಬೇಕು? ಹಿರಿಯರ ಎದುರು ಮೊದಲೂ ಮಾತಿರಲಿಲ್ಲವಲ್ಲ. ನನಗೆ ಗೊತ್ತಾಯಿತು. ಮನೆಯಲ್ಲಿ ಹಿರಿಯರಿಲ್ಲದಾಗಲೂ ಕಾಕಿ ನನ್ನನ್ನು ಅಂಗಳದಿಂದ ಕೂಗಿ ಕರೆಯತೊಡಗಿದಳು. ಊಟಕ್ಕೆ ಹೇಳು, ನೀರಿಗೆ ಹೇಳು, ಅಷ್ಟೇ. ಕಾಕಾ ಕೆಲವು ಸಲ ನನ್ನ ಕೈಯಲ್ಲಿ ಬೇರೆ ಮಾತು ಕಳಿಸಿ ನೋಡಿದ. ಉಂಡಳೇನು ಕೇಳು, ತಲೆನೋವು ಕಡಿಮೆ ಆಯಿತೇನು ಕೇಳು. ನಾನು ಒಯ್ದು ಕೇಳಿದರೆ ಕಾಕಿ ತಲೆ ಅಲ್ಲಾಡಿಸುವಳು. ಹೌದೆಂದೋ ಅಲ್ಲವೆಂದೋ ನನಗೆ ತಿಳಿಯುತ್ತಿರಲಿಲ್ಲ. ‘ಕಾಕಿ ಏನೂ ಅನ್ಲಿಲ್ಲ’ ಎಂದು ಬಂದು ಹೇಳುವಾಗ ಕಾಕಾನ ಮುಖ ನೋಡಲು ಆಗುತ್ತಿರಲಿಲ್ಲ. ಆ ನೌಕರಿ ನನಗೆ ಬೇಡವಾಯಿತು. ನನ್ನ ಬದಲು ಎಸ್ತು ಓಡಿಹೋಗಿ ಏನಾದರೊಂದು ಸುಳ್ಳು ಹೇಳಲಿ ಎನಿಸುತ್ತಿತ್ತು.

ತಾನು ಹೋಗಲಿಲ್ಲವೆಂದು ಅವಳಿಗೆ ಸಿಟ್ಟು, ಎಂದು ಕಾಕಾ ನಮ್ಮಪ್ಪನ ಎದುರು ಹೇಳಿಕೊಂಡನಂತೆ. ಅಪ್ಪ ಅವ್ವನಿಗೆ ಹೇಳಿದ, ಅವ್ವ ಅಜ್ಜಿಗೆ ಹೇಳಿದಳು. ಎಲ್ಲರೂ ಕಾಕಿ ಬಾಯಿ ಬಿಡುವುದನ್ನೇ ಕಾಯತೊಡಗಿದರು. ಚರ್ಚಿನಲ್ಲಿ ಅಜ್ಜಿ ಮೊಣಕಾಲೂರಿ ಬೇಡುತ್ತಿದ್ದುದು ಅದೊಂದನ್ನೇ.

ದಿಲಾಬಾದ ಹುಟ್ಟಿದ್ದು ಆ ಚಳಿಗಾಲದಲ್ಲಿ. ದೀಪ ಹಚ್ಚಿ ಪ್ರಾರ್ಥನೆ ಮುಗಿದ ಮೇಲೆ, ಊಟಕ್ಕೆ ಮೊದಲು, ನಮ್ಮ ಅಂಗಳದಲ್ಲಿ ನಾಲ್ಕು ಮಾತು ನಡೆಯುತ್ತಿತ್ತು. ಪಕ್ಕದ ಓಣಿಯ ಖಾದರ್ ಸಾಹೇಬರು ತಪ್ಪದೆ ಬರುವವರು. ನಿಜಾಮನ ಕಾಲದಲ್ಲಿ ನ್ಯಾಯದ ಕಚೇರಿಯಲ್ಲಿ ಕಾಗದಪತ್ರ ಮುಂದಿಡುವ ಪೇಶ್ಕಾರರಾಗಿದ್ದವರು, ಯಾವುದನ್ನೂ ಸಾಕ್ಷಿಯಿಲ್ಲದೆ ಒಪ್ಪುವವರಲ್ಲ. ಅವರು ಒಂದು ಸಂಜೆ, ನಕ್ಷೆ ಕೂಡಿತು ಸರಿ, ಮನುಷ್ಯರು ಯಾವಾಗ ಕೂಡುತ್ತಾರೆ ಎಂದರು. ಕಾಕಾ, ಮನುಷ್ಯರು ಕೂಡಿದ ಊರೊಂದಿದೆ, ಹೇಳುತ್ತೇನೆ ಎಂದ. ಎಸ್ತು ಹೋದ ಮೇಲೆ ಅವನು ಅಷ್ಟು ಉದ್ದ ಮಾತಾಡಿದ್ದು ಅದೇ ಮೊದಲು.

ದಿಲಾಬಾದದಲ್ಲಿ ಪ್ರತಿಯೊಬ್ಬರ ಕಿವಿಯ ಹಿಂದೆ ಕೂದಲಿನಷ್ಟು ಸಣ್ಣ ತಾಮ್ರದ ತಂತಿ. ಅದು ಮನೆಯ ಮಾಳಿಗೆಗೆ, ಅಲ್ಲಿಂದ ಊರ ನಡುವಿನ ಮೀನಾರಕ್ಕೆ. ಒಬ್ಬ ನೆನೆದದ್ದು ಎಲ್ಲರಿಗೂ ತಿಳಿಯುತ್ತದೆ. ಉರ್ದುವೂ ಬೇಡ, ಮರಾಠಿಯೂ ಬೇಡ, ಕನ್ನಡವೂ ಬೇಡ. ಒಬ್ಬ ಹಸಿದರೆ ಊರಿಗೆಲ್ಲ ಹೊಟ್ಟೆ ಕೊರೆಯುತ್ತದೆ, ಆದ್ದರಿಂದ ಅಲ್ಲಿ ಯಾರನ್ನೂ ಹಸಿದಿರಲು ಬಿಡುವುದಿಲ್ಲ. ಇದನ್ನು ಕೇಳಿ ನಮ್ಮವ್ವ, ಊರಿನ ಹಸಿವೆಲ್ಲ ನನ್ನ ಹೊಟ್ಟೆಗೆ ಬಂದರೆ ರೊಟ್ಟಿ ಬಡಿಯುವವರು ಯಾರು ಎಂದು ಕೇಳಿದಳು. ಖಾದರ್ ಸಾಹೇಬರ ಚಿಂತೆ ಬೇರೆ. ಅಲ್ಲಿ ಸುಳ್ಳೇ ಇಲ್ಲವೆಂದರೆ ಕಚೇರಿ ಇಲ್ಲ, ಕಚೇರಿ ಇಲ್ಲವೆಂದರೆ ಪೇಶ್ಕಾರ ಇಲ್ಲ, ಇಂಥ ಊರಿಗೆ ನಾನು ಬರುವುದಿಲ್ಲ ಎಂದು ಮುಖ ಗಂಟು ಹಾಕಿಕೊಂಡರು. ಮರುದಿನ ಸಂಜೆ ಎಲ್ಲರಿಗಿಂತ ಮೊದಲು ಬಂದು ಕೂತದ್ದೂ ಅವರೇ.

ನನಗೆ ಅಲ್ಲಿಯ ಸಾಲಿಯ ಬಗ್ಗೆ ತಿಳಿಯಬೇಕಿತ್ತು. ಒಂದು ಹುಡುಗಿ ಮಗ್ಗಿ ಬಾಯಿಪಾಠ ಮಾಡಿದರೆ ಸಾಕು, ಎಲ್ಲರಿಗೂ ಬರುತ್ತದೆ ಎಂದ ಕಾಕಾ. ಅಂದೇ ಗಂಟುಮೂಟೆ ಕಟ್ಟಲು ನಾನು ತಯಾರಾದೆ. ತಂತಿ ಕಚೇರಿಯ ಹಿಂದೆ ಬಿದ್ದಿದ್ದ ತಾಮ್ರದ ತುಂಡೊಂದನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡು ಸಾಲಿಗೆ ಹೋಗಿ, ಪಕ್ಕದ ಜಾಣೆಯ ಕಡೆ ತಲೆ ವಾಲಿಸಿ ಕೂತೆ. ಮಗ್ಗಿ ಬರಲಿಲ್ಲ, ಕಿವಿ ಕೀವು ಹಿಡಿಯಿತು. ಅವ್ವ ಬಿಸಿ ಎಣ್ಣೆ ಹಾಕುತ್ತ ಕಾಕಾನಿಗೆ ಕೇಳುವಂತೆ ಬೈದಳು.

ಅಜ್ಜಿ ಮಾತ್ರ ಒಂದೇ ಭಾಗವನ್ನು ಮತ್ತೆ ಮತ್ತೆ ಹೇಳಿಸುತ್ತಿದ್ದಳು. ದಿಲಾಬಾದದಲ್ಲಿ ಬಾವಿಯ ಹತ್ತಿರ ಯಾರಾದರೂ ಯಾರಿಗಾದರೂ ನೀರು ಕೊಡದೆ ನಿಲ್ಲಿಸಿದರೆ, ನಿಲ್ಲಿಸಿದವನ ಗಂಟಲೇ ಒಣಗುತ್ತದೆ ಎಂಬ ಭಾಗ. ಅಜ್ಜಿ ಹಲಬರ್ಗಾದಲ್ಲಿ ಬೆಳೆದವಳು. ಯಾರಾದರೂ ಮೇಲಿನಿಂದ ನೀರು ಸುರಿಯಲಿ ಎಂದು ಕೊಡ ಹಿಡಿದು ಬಾವಿಯಿಂದ ದೂರ ನಿಂತದ್ದನ್ನು ಅವಳು ನಮಗೆ ಎಂದೂ ಹೇಳಿರಲಿಲ್ಲ, ಆ ದಿನಗಳಲ್ಲಿ ಹೇಳಿದಳು. ಹೇಳಿ, ‘ಆ ಊರು ಖರೇನ ಅದ ಏನಪ್ಪ?’ ಎಂದು ಮಗನನ್ನು ಕೇಳಿದಳು. ಕಾಕಾ ‘ಅದ’ ಎಂದ. ಖಾದರ್ ಸಾಹೇಬರು ಆವತ್ತು ಸಾಕ್ಷಿ ಕೇಳಲಿಲ್ಲ.

ಕಥೆಯ ಹೊತ್ತಿಗೆ ಕಾಕಿ ಅಡಿಗೆಮನೆಯ ಬಾಗಿಲ ಹಿಂದೆ ಇರುತ್ತಿದ್ದಳು. ಮೊರದ ಸಪ್ಪಳ ಕೇಳುತ್ತಿತ್ತು. ಕಾಕಾ ಕಥೆ ಹೇಳುತ್ತಿದ್ದದ್ದು ನಮ್ಮ ಕಡೆ ಮುಖ ಮಾಡಿ, ಆದರೆ ಮೊರ ನಿಂತಾಗಲೆಲ್ಲ ಅವನ ದನಿಯೂ ಸಣ್ಣದಾಗುತ್ತಿತ್ತು. ಊರಿಗೆಲ್ಲ ಹೇಳಿದ ಆ ಕಥೆ ಒಬ್ಬಳಿಗಾಗಿ ಇತ್ತೆಂಬುದು ನನಗೆ ಆಗ ತಿಳಿಯದು. ನಾನಾಗಲೇ ಇದ್ದೇನಲ್ಲ, ಇವರಿಗೆ ಇನ್ನೊಂದು ತಂತಿ ಯಾಕೆ ಬೇಕಾಯಿತು ಎಂದುಕೊಂಡಿದ್ದೆ.

ದಿಲಾಬಾದದ ಕಥೆ ಮುಗಿಯಲಿಲ್ಲ, ನಿಂತಿತು. ಆಮೇಲೆ ಎಷ್ಟೋ ವರ್ಷ, ಮುಂದೇನಾಯಿತು ಕಾಕಾ ಎಂದು ಪೀಡಿಸುತ್ತಿದ್ದೆ. ‘ಆ ಊರಾಗ ಇರೋದು ಭಾಳ ಕಠಿಣ ಅದ ಮಗಳ’ ಎಂದು ಸೈಕಲ್ ತೆಗೆದುಕೊಂಡು ಕಚೇರಿಗೆ ಹೋಗಿಬಿಡುತ್ತಿದ್ದ. ಅವನಿಗೂ ಕಾಕಿಗೂ ಮತ್ತೆ ಮಕ್ಕಳಾಗಲಿಲ್ಲ. ಇಬ್ಬರೂ ಮುಪ್ಪಾಗಿ, ಒಬ್ಬರ ಹಿಂದೆ ಒಬ್ಬರು ಹೋದರು. ಆದ್ದರಿಂದ ಕಥೆ ನಿಂತ ಆ ಸಂಜೆಯ ಮಾತನ್ನು ಈಗ ಹೇಳಬಹುದು. ತಮ್ಮನ ಮಗಳಿಗೂ ಇದನ್ನೇ ಹೇಳಿದೆ.

ಬೇಸಿಗೆ ಹತ್ತಿತ್ತು. ಅಂಗಳಕ್ಕೆ ನೀರು ಚಿಮುಕಿಸಿ ಎಲ್ಲರೂ ಕೂತಿದ್ದೆವು. ಕಾಕಾ ಆವತ್ತು ದಿಲಾಬಾದದ ಮೀನಾರದ ಮೇಲೆ ತಂತಿ ಬಿಗಿಯುವ ಒಬ್ಬ ಕೆಲಸಗಾರನ ಕಥೆ ಎತ್ತಿಕೊಂಡ. ಊರಿನ ಆ ತುದಿಯ ಮನೆಯಲ್ಲಿ ಅವನ ಕೂಸಿಗೆ ಜ್ವರ ಬರುತ್ತದೆ. ಕೂಸು ಕಣ್ಣು ಬಿಡುವ ಮೊದಲೇ ಅಪ್ಪನ ಹಣೆ ಬಿಸಿಯಾಗುತ್ತದೆ. ಅವನು ಕೈಯಲ್ಲಿದ್ದ ಕೆಲಸ ಅಲ್ಲೇ ಬಿಟ್ಟು ಇಳಿದು ಓಡುತ್ತಾನೆ, ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ. ಇಷ್ಟು ಹೇಳಿ ಕಾಕಾ, ದಿಲಾಬಾದದಲ್ಲಿ ಯಾರೂ ತಡವಾಗಿ ಮುಟ್ಟುವುದಿಲ್ಲ ಎಂದ. ಅವ್ವ ಮುಖ ಆಚೆ ತಿರುಗಿಸಿದಳು.

ಮೊರದ ಸಪ್ಪಳ ನಿಂತಿತು. ಕಾಕಿ ಬಾಗಿಲಿಗೆ ಬಂದಳು. ನನ್ನನ್ನು ಕರೆಯುತ್ತಾಳೆಂದು ನಾನು ಎದ್ದೆ. ಅವಳು ನನ್ನ ಕಡೆ ನೋಡಲಿಲ್ಲ. ಅತ್ತೆಯ ಎದುರು, ಪರಗಂಡಸಿನ ಎದುರು, ನೇರ ಕಾಕಾನಿಗೇ ಹೇಳಿದಳು.

“ತಾರ್ ಹೊಡೀತೇನಿ ಅಂತ ಅಣ್ಣ ಎದ್ದಿದ್ನರಿ. ನಾನೇ ಅವನ ಕೈ ನನ್ನ ತಲಿ ಮ್ಯಾಲ ಇಟ್ಕೊಂಡು ಆಣಿ ತಗೊಂಡೆ, ಹೊಡೀಬ್ಯಾಡ ಅಂತ. ಜೀವ ಇದ್ದ ಕೂಸಿನ ಹೆಸರಿಲೆ ತಾರ್ ಹೋದ್ರ ಸಾವಿಗಿ ನಾನೇ ಕರದಂಗ ಆಗ್ತದಂತ ಅಂಜಿದೆ. ನಿಮ್ಮ ಮ್ಯಾಲ ಸಿಟ್ಟಿಲ್ರಿ ನಂದು. ನಿಮಗ ಯಾವ ಬಾಯಿಲೆ ಹೇಳ್ಲಿ ಅಂತ ಸುಮ್ಮನಿದ್ದೆ.”

ಭಾಲ್ಕಿ ಸ್ಟೇಶನ್ನಿನ ಬಾಬು ಕಾಕಾನ ಗುರುತಿನವನು, ಒಂದು ಮಾತು ಬೀದರಕ್ಕೆ ಹಾಕಲೇನು ಎಂದು ತಾನಾಗಿ ಕೇಳಿದ್ದನಂತೆ. ಆಣೆಗೆ ಕಟ್ಟುಬಿದ್ದ ಅಣ್ಣ ಬೇಡವೆಂದು ಹೇಳಿ, ಆ ತಂತಿಯ ಕೆಳಗೇ ಬೆಳಗಿನ ಗಾಡಿಗಾಗಿ ಕೂತಿದ್ದ. ಇದನ್ನೂ ಕಾಕಿ ಹೇಳಿದಳು. ಹೇಳಿ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಕಾಕಾ ಬೈಯುತ್ತಾನೆಂದು ನನಗೆ ಹೆದರಿಕೆಯಾಯಿತು. ಇಷ್ಟು ತಿಂಗಳು ತನ್ನದೇ ತಪ್ಪೆಂದು ಕೊರಗಿದವನಲ್ಲವೇ.

ಅವನು ಬೈಯಲಿಲ್ಲ. ಎದ್ದು ಅವಳ ಹತ್ತಿರ ಹೋಗಿ, “ಜ್ವರದಾಗ ಎಸ್ತು ನನ್ನ ಕೇಳ್ತೇನು?” ಎಂದ.

ಕಾಕಿ ತಲೆ ಅಲ್ಲಾಡಿಸಿದಳು. ಈ ಸಲ ಅದು ಹೌದೆಂದು ನನಗೂ ತಿಳಿಯಿತು.

“ಏನಂತು?”

“ಅಪ್ಪಗ ಹೇಳು, ನಾ ಶಾಣ್ಯಾಕಿ ಆಗಿ ದವಾ ಕುಡದೀನಿ, ಅಂತು.”

ಕಾಕಾ ಬಾಗಿಲ ಹೊಸ್ತಿಲ ಮೇಲೆ ಕೂತ. ಅಜ್ಜಿ ಎದ್ದು ದೀಪದ ಬತ್ತಿ ಇಳಿಸಿದಳು, ಖಾದರ್ ಸಾಹೇಬರು ಚಪ್ಪಲಿ ಕೈಯಲ್ಲೇ ಹಿಡಿದು ಹೊರಗೆ ನಡೆದರು, ಅವ್ವ ನನ್ನ ರಟ್ಟೆ ಹಿಡಿದು ಒಳಗೆ ಎಳೆದಳು. ಹೋಗುತ್ತ ನಾನು ಹಿಂದಿರುಗಿ ನೋಡಿದೆ. ಕಾಕಿಯೂ ಅವನ ಪಕ್ಕದಲ್ಲಿ ಕೂತಿದ್ದಳು. ತಂತಿ ಕಚೇರಿಯಲ್ಲಿ ಜಗತ್ತಿನ ಸುದ್ದಿಯನ್ನೆಲ್ಲ ಇಸಿದುಕೊಂಡು ಬಂದ ಆ ಮನುಷ್ಯ ಅವಳ ಮುಖ ನೋಡುತ್ತ, “ಮುಟ್ತು” ಎನ್ನುತ್ತಿದ್ದ, “ಮುಟ್ತು, ರತ್ನಾ.”